ಅಕಿನ್‌ಫೇವ್ ಎಡಗಾಲು, ಅಪಾ ಪೆನ್ಷನ್: ರಷ್ಯಾದಲ್ಲಿ ಹನ್ನೊಂದು ದಿನ

ಜೂನ್ 28, ಗುರುವಾರ, ಮಾಸ್ಕೋ

ಪಾಸ್‌ಪೋರ್ಟ್ ನೋಡುವ ಕೌಂಟರಿನಲ್ಲಿ ಕೂತಿದ್ದ ಹುಡುಗಿ ನನ್ನನ್ನು ನೋಡಿ ನಕ್ಕಳು. ಅದರಲ್ಲೇನು ವಿಶೇಷ ಅಂತೀರಾ? ಈ ದೇಶದಲ್ಲಿ ಗುರುತಿಲ್ಲದವರನ್ನು ನೋಡಿ ಸುಮ್ನೆ ನಗುವ ರೂಢಿ ಇಲ್ಲ. ಕಾರಣ ಇಲ್ಲದೆ ನಗುವವನು ಪೆದ್ದ ಅನ್ನೋ ಅರ್ಥದ ಗಾದೆಯೇ ಅವರಲ್ಲಿದೆ. ವಿಶ್ವಕಪ್‌ಗೆ ಬರುವ ಹೊರಗಿನವರಿಗೋಸ್ಕರ ರೈಲ್ವೆ ಸಿಬ್ಬಂದಿಗೆ ನಗುವುದಕ್ಕೇ ತರಬೇತಿ ಕೊಟ್ಟಿದ್ದರಂತೆ. ಈ ಹುಡುಗಿಯೂ ಆ ಕ್ಲಾಸಿಗೆ ಹೋಗಿದ್ದಳೋ ಏನೋ.

ಇದು 2018ರ ಮಾತು. ಆಗ ಗೀಚಿಟ್ಟ ನೋಟ್‌ಬುಕ್ ಮೊನ್ನೆ ಸಿಕ್ಕಿತು, ಅದನ್ನು ಇಟ್ಟುಕೊಂಡು ಬರೆಯುತ್ತಿದ್ದೇನೆ. ನಾನು ಶಿವಮೊಗ್ಗದ ಹತ್ತಿರ ಒಂದು ಸರ್ಕಾರಿ ಕಾಲೇಜಿನ ಮೇಷ್ಟ್ರು. ಫುಟ್‌ಬಾಲ್ ಹುಚ್ಚು ಚಿಕ್ಕಂದಿನಿಂದ. ಕಝಾನ್ ಊರಿನಲ್ಲಿ ನಡೆಯುವ ಒಂದು ನಾಕೌಟ್ ಪಂದ್ಯಕ್ಕೆ ಟಿಕೆಟ್ ಸಿಕ್ಕಿತ್ತು. ಅದೇ ಊರಿನಲ್ಲಿ ನಮ್ಮಕ್ಕನ ಮಗ ಎಂಬಿಬಿಎಸ್ ನಾಲ್ಕನೇ ವರ್ಷ ಓದುತ್ತಿದ್ದ. ಇನ್ನೇನು ಬೇಕು? ಟಿಕೆಟ್ ಇದ್ದವರಿಗೆ ಫ್ಯಾನ್ ಐಡಿ ಅಂತ ಫೋಟೋ ಇರುವ ಕಾರ್ಡ್ ಕೊಡುತ್ತಿದ್ದರು. ಕುತ್ತಿಗೆಗೆ ಹಾಕಿಕೊಂಡರೆ ಮುಗೀತು, ವೀಸಾ ಬೇಡ. ಪಂದ್ಯದ ಊರಿಗೆ ಹೋಗಿಬರಲು ರೈಲೂ ಬಿಟ್ಟಿ.

ಸಂಜೆ ಕೆಂಪು ಚೌಕದ ಪಕ್ಕದ ನಿಕೋಲ್ಸ್ಕಾಯಾ ಬೀದಿಗೆ ಹೋದೆ. ಜಾತ್ರೆ ಅಂದ್ರೆ ಜಾತ್ರೆ. ಸೋತು ಮನೆಗೆ ಹೋಗಬೇಕಿದ್ದ ಪೆರುವಿನವರು ಇನ್ನೂ ಕುಣಿಯುತ್ತಿದ್ದರು. ತಲೆ ಮೇಲೆ ದೀಪದ ಸರ, ಕೈಯಲ್ಲಿ ಬಿಯರ್. ಪೊಲೀಸರು ಗೋಡೆಗೆ ಒರಗಿ ನೋಡುತ್ತಿದ್ದರು. ಒಬ್ಬ ಪೊಲೀಸಪ್ಪ ಮೆಕ್ಸಿಕೋದ ದೊಡ್ಡ ಟೋಪಿ ಹಾಕಿಕೊಂಡು ಫೋಟೋಗೂ ನಿಂತ.

ಪಕ್ಕದಲ್ಲಿ ನಿಂತಿದ್ದ ಮಾಸ್ಕೋದ ಹುಡುಗನೊಬ್ಬ ಇಂಗ್ಲಿಷಿನಲ್ಲಿ ಹೇಳಿದ: "ಬೇರೆ ದಿನ ಇಲ್ಲಿ ಇಷ್ಟು ಜನ ಸೇರಿದ್ದರೆ ಅರ್ಧ ಗಂಟೆಯಲ್ಲಿ ಅವ್ತೊಝಾಕ್ ಬರ್ತಿತ್ತು." ಅವ್ತೊಝಾಕ್ ಅಂದರೆ ಜನರನ್ನು ತುಂಬಿಕೊಂಡು ಹೋಗುವ ಪೊಲೀಸ್ ವ್ಯಾನು. ಮೇ 5ರಂದು ಅವನೇ ಅದರೊಳಗೆ ಕೂತಿದ್ದನಂತೆ. ಪುಟಿನ್ ನಾಲ್ಕನೇ ಸಲ ಪ್ರಮಾಣವಚನ ತೆಗೆದುಕೊಳ್ಳುವ ಎರಡು ದಿನ ಮೊದಲು "ಅವನು ನಮಗೆ ರಾಜ ಅಲ್ಲ" ಅನ್ನುವ ಘೋಷಣೆ ಇಟ್ಟುಕೊಂಡು ಪುಟಿನ್ ವಿರೋಧಿ ನಾಯಕ ನವಾಲ್ನಿ ಕಡೆಯವರು ಊರೂರಲ್ಲಿ ಬೀದಿಗಿಳಿದಿದ್ದರು. ಅವತ್ತು ದೇಶದಲ್ಲೆಲ್ಲ ಸೇರಿ 1,600ಕ್ಕೂ ಜಾಸ್ತಿ ಜನರನ್ನು ಹಿಡಿದಿದ್ದರು.

ಇಲ್ಲಿನ ಕಾನೂನಿನಲ್ಲಿ ಒಬ್ಬನೇ ಒಂದು ಬೋರ್ಡ್ ಹಿಡಿದು ನಿಂತರೆ ಅನುಮತಿ ಬೇಡ. ಇಬ್ಬರಾದರೆ ಮೊದಲೇ ಅರ್ಜಿ ಕೊಡಬೇಕು. ವಿಶ್ವಕಪ್ ಊರುಗಳಲ್ಲಿ ಮೇ 25ರಿಂದ ಜುಲೈ 25ರ ತನಕ ಇನ್ನೂ ಬಿಗಿ. ಫುಟ್‌ಬಾಲಿಗೆ ಸಂಬಂಧ ಇಲ್ಲದ ಯಾವ ಸಭೆಯೂ ಅಧಿಕಾರಿಗಳು ಹೇಳಿದ ಜಾಗದಲ್ಲಿ, ಹೇಳಿದ ಹೊತ್ತಿಗೆ ಮಾತ್ರ. ಹಾಗಂತ ಅಧ್ಯಕ್ಷರ ಆದೇಶವೇ ಇತ್ತು.

"ಹಾಗಾದ್ರೆ ಇದು?" ಅಂತ ಬೀದಿ ಕಡೆ ಕೈ ತೋರಿಸಿದೆ.

"ಇದು ಫುಟ್‌ಬಾಲ್" ಅಂದ. ಇಬ್ಬರೂ ನಕ್ಕೆವು. ಈ ಸಲ ಕಾರಣ ಇತ್ತು.

ಜೂನ್ 29, ಶುಕ್ರವಾರ, ಮಾಸ್ಕೋ ಮತ್ತು ರೈಲು

ಪಂದ್ಯ ಇಲ್ಲದ ದಿನ. ಮೆಟ್ರೋದಲ್ಲಿ ಸುತ್ತಿದೆ. ಊರ ಮಧ್ಯದ ಕಡೆ ಹೋಗುವ ರೈಲಿನಲ್ಲಿ ನಿಲ್ದಾಣದ ಹೆಸರು ಹೇಳುವುದು ಗಂಡಸಿನ ದನಿ, ಊರಾಚೆ ಹೋಗುವಾಗ ಹೆಂಗಸಿನ ದನಿ. ಬೆಳಿಗ್ಗೆ ಸಾಹೇಬ ಕೆಲಸಕ್ಕೆ ಕರೀತಾನೆ, ಸಂಜೆ ಹೆಂಡತಿ ಮನೆಗೆ ಕರೀತಾಳೆ ಅಂತ ನೆನಪಿಟ್ಟುಕೊಳ್ಳುತ್ತಾರೆ. ರೆವಲ್ಯೂತ್ಸಿ ಚೌಕದ ನಿಲ್ದಾಣದಲ್ಲಿ ಕಂಚಿನ ನಾಯಿ ಇದೆ. ಮೂಗು ಸವರಿದರೆ ಒಳ್ಳೆಯದಾಗುತ್ತದಂತೆ. ಸವರಿ ಸವರಿ ಮೂಗು ಚಿನ್ನದ ಹಾಗೆ ಹೊಳೆಯುತ್ತಿತ್ತು. ನಾನೂ ಅರ್ಜೆಂಟೀನಾ ಹೆಸರಲ್ಲಿ ಒಂದು ಸಲ ಸವರಿದೆ.

ಕೆಂಪು ಚೌಕದಲ್ಲಿ ಲೆನಿನ್ ಸಮಾಧಿ ಎದುರಿಗೇ ಫುಟ್‌ಬಾಲ್ ಪಾರ್ಕ್ ಮಾಡಿದ್ದರು. ಮಕ್ಕಳು ಬಾಲ್ ಒದೆಯುತ್ತಿದ್ದರು. ಅಲ್ಲಿಂದ ಕೆಳಗಿಳಿದರೆ ಮಾಸ್ಕೋ ನದಿಯ ಸೇತುವೆ. 2015ರ ಫೆಬ್ರವರಿ 27ರ ರಾತ್ರಿ ಬರೀಸ್ ನೆಮ್ತ್ಸೋವ್ ಅವರಿಗೆ ಗುಂಡು ಹೊಡೆದದ್ದು ಇಲ್ಲೇ. ಒಂದು ಕಾಲಕ್ಕೆ ಉಪಪ್ರಧಾನಿ ಆಗಿದ್ದವರು, ಆಮೇಲೆ ಪುಟಿನ್ ವಿರುದ್ಧ ನಿಂತವರು. ಕ್ರೆಮ್ಲಿನ್ ಗೋಡೆ ಕಲ್ಲೆಸೆದರೆ ತಲುಪುವಷ್ಟು ಹತ್ತಿರ. ಸೇತುವೆಯ ಪಕ್ಕದಲ್ಲಿ ಹೂವು, ಫೋಟೋ ಇಟ್ಟಿದ್ದರು. ಹತ್ತಿರ ಒಬ್ಬ ವಯಸ್ಸಾದ ಹೆಂಗಸು ಮಡಚುವ ಕುರ್ಚಿ ಹಾಕಿಕೊಂಡು ಕೂತಿದ್ದರು. ಅದು ಹೂವಿನ ಕಾವಲು. ಇಲ್ಲದಿದ್ದರೆ ಬಂದು ಗುಡಿಸಿಕೊಂಡು ಹೋಗುತ್ತಾರೆ. ಸರದಿ ಹಾಕಿಕೊಂಡು ಹಗಲು ರಾತ್ರಿ ಯಾರಾದರೂ ಕಾಯುತ್ತಾರಂತೆ. ಕೊಲಂಬಿಯಾದ ಹಳದಿ ಅಂಗಿಯವರ ಒಂದು ಗುಂಪು ಹಾಡುತ್ತಾ ಬಂತು. ಹೂವು ನೋಡಿ ಒಂದು ಗಳಿಗೆ ಸುಮ್ಮನಾಯಿತು. ಏನು ಅಂತ ಗೊತ್ತಾಗದೆ ಮತ್ತೆ ಹಾಡುತ್ತಾ ಮುಂದೆ ಹೋಯಿತು.

ರಾತ್ರಿ ಕಝಾನ್ ರೈಲು. ಪ್ಲಾತ್ಸ್‌ಕಾರ್ತ್ ಅಂದರೆ ನಮ್ಮ ಸ್ಲೀಪರ್ ಕ್ಲಾಸೇ. ಬಾಗಿಲಿಲ್ಲದ ಬೋಗಿ, 54 ಜನ, ಸೈಡ್ ಲೋಯರ್, ಸೈಡ್ ಅಪ್ಪರ್ ಎಲ್ಲ ಇದೆ. ಆದರೆ ಹತ್ತಿದ ಕೂಡಲೇ ಎಲ್ಲರೂ ಮನೆ ಬಟ್ಟೆ, ಮನೆ ಚಪ್ಪಲಿಗೆ ಬದಲಾಗುತ್ತಾರೆ. ಬೋಗಿಯ ತುದಿಯಲ್ಲಿ ಬಿಸಿನೀರಿನ ಹಂಡೆ, ಅದರ ಹೆಸರು ತಿತಾನ್. ಬೋಗಿ ನೋಡಿಕೊಳ್ಳುವ ಹೆಂಗಸು, ಅಂದರೆ ಪ್ರವದ್ನಿತ್ಸಾ, ಉಕ್ಕಿನ ಹಿಡಿಕೆಯ ಗಾಜಿನ ಲೋಟದಲ್ಲಿ ಚಹಾ ತಂದುಕೊಟ್ಟರು. ಹಾಲಿಲ್ಲ, ನಿಂಬೆಹೋಳು. ಕುಡಿದೆ ಅಂತ ಹೇಳಬಹುದು ಅಷ್ಟೇ.

ಎದುರಿನ ಸೀಟಿನವರು ಕಾರ್ಖಾನೆಯಲ್ಲಿ ವೆಲ್ಡರ್. 58 ವರ್ಷ. ಫೋನಿನ ಅನುವಾದದಲ್ಲಿ ಮಾತು ಸಾಗಿತು. ನನ್ನ ಸಂಬಳ, ಮಕ್ಕಳು, ಹಸು ಇದೆಯಾ, ಎಲ್ಲ ಕೇಳಿದರು. ಆಮೇಲೆ ಅವರ ಕಥೆ ಶುರುವಾಯಿತು. ಜೂನ್ 14ಕ್ಕೆ ವಿಶ್ವಕಪ್ ಉದ್ಘಾಟನೆ. ಲುಝ್ನಿಕಿ ಸ್ಟೇಡಿಯಂನಲ್ಲಿ ರಷ್ಯಾ ಸೌದಿಯವರಿಗೆ 5-0 ಬಾರಿಸಿತು. ಊರೆಲ್ಲ ಕುಣಿತ. ಅದೇ ದಿನ ಪ್ರಧಾನಿ ಮೆಡ್ವೆಡೆವ್ ಸರ್ಕಾರ ಪೆನ್ಷನ್ ವಯಸ್ಸು ಏರಿಸುತ್ತೇವೆ ಅಂತ ಹೇಳಿಬಿಟ್ಟಿತು. ಗಂಡಸರಿಗೆ 60 ಇದ್ದದ್ದು 65, ಹೆಂಗಸರಿಗೆ 55 ಇದ್ದದ್ದು 63. ಸ್ಟಾಲಿನ್ ಕಾಲದಿಂದ ಯಾರೂ ಮುಟ್ಟಿರದ ಲೆಕ್ಕ ಅದು.

"ನನಗೆ ಎರಡು ವರ್ಷ ಇತ್ತು. ಈಗ ನಾಲ್ಕು" ಅಂತ ಬೆರಳು ಮಡಚಿ ತೋರಿಸಿದರು. ಈ ದೇಶದಲ್ಲಿ ಗಂಡಸರ ಸರಾಸರಿ ಆಯಸ್ಸು ಆಗ 67 ಚಿಲ್ಲರೆ. 65 ಕಳೆದರೆ ಉಳಿಯುವುದೆಷ್ಟು ಅಂತ ಅವರ ಪ್ರಶ್ನೆ. ಹಾಗೆ ಕಳೆಯಬಾರದು, 60 ದಾಟಿದವರು ಅದಕ್ಕಿಂತ ಜಾಸ್ತಿ ಬದುಕುತ್ತಾರೆ ಅಂತ ಲೆಕ್ಕ ಬಲ್ಲವರು ಹೇಳುತ್ತಾರೆ. ಸರಿಯೇ. ಆದರೆ ಮೂವತ್ತೈದು ವರ್ಷ ವೆಲ್ಡಿಂಗ್ ಹೊಗೆ ಕುಡಿದವರ ಮುಂದೆ ಆ ಲೆಕ್ಕ ಬಿಡಿಸುವ ಧೈರ್ಯ ನನಗೆ ಬರಲಿಲ್ಲ.

ಪುಟಿನ್‌ಗೆ ಓಟು ಹಾಕಿದ್ದೀರಾ ಅಂತ ಕೇಳಿದೆ. ಹಾಕಿದ್ದೇನೆ ಅಂದರು. ಪುಟಿನ್ ಒಳ್ಳೆಯವರು, ಸುತ್ತಲಿನವರು ಕೆಟ್ಟವರು. ರಾಜ ಒಳ್ಳೆಯವನು, ಸರದಾರರು ಕಳ್ಳರು ಅನ್ನೋ ಹಳೇ ಮಾತು ರಷ್ಯಾದ್ದು. ನಾನು ನಮ್ಮ ಕಡೆಯದ್ದು ಹೇಳಿದೆ: ದೇವರು ವರ ಕೊಟ್ಟರೂ ಪೂಜಾರಿ ಕೊಡ. ಫೋನು ಅದನ್ನು ಹೇಗೆ ತರ್ಜುಮೆ ಮಾಡಿತೋ ಗೊತ್ತಿಲ್ಲ, ಅವರು ತೊಡೆ ತಟ್ಟಿಕೊಂಡು ನಕ್ಕರು.

ಪುಟಿನ್ 2005ರಲ್ಲಿ ಟಿವಿಯಲ್ಲೇ, ತಾನು ಅಧ್ಯಕ್ಷನಾಗಿರುವ ತನಕ ಪೆನ್ಷನ್ ವಯಸ್ಸು ಏರುವುದಿಲ್ಲ ಅಂದಿದ್ದರು. ಅದು ವೆಲ್ಡರ್‌ಗೆ ನೆನಪಿತ್ತು. ಆದರೂ ಅವರು ದೂರಿದ್ದು ಮೆಡ್ವೆಡೆವ್ ಅವರನ್ನೇ. ಆಗಸ್ಟ್ 29ರಂದು ಪುಟಿನ್ ಮತ್ತೆ ಟಿವಿಗೆ ಬಂದು, ಹೆಂಗಸರಿಗೆ 63 ಬೇಡ, 60 ಸಾಕು ಅಂದರು. ಗಂಡಸರದ್ದು 65ಕ್ಕೇ ನಿಂತಿತು. ದೇವರೇ ಬಂದು ಅರ್ಧ ವರ ಕೊಟ್ಟ ಹಾಗೆ. ನನಗೆ ಥಟ್ಟನೆ ರೈಲಿನ ಆ ನಗು ನೆನಪಾಯಿತು.

ಜೂನ್ 30, ಶನಿವಾರ, ಕಝಾನ್

ಬೆಳಿಗ್ಗೆ ವೋಲ್ಗಾ ದಾಟಿದೆವು. ಹೊಳೆ ಅನ್ನುವ ಹಾಗಿಲ್ಲ, ಕೆರೆಗಳನ್ನೆಲ್ಲ ಸಾಲಾಗಿ ಜೋಡಿಸಿಟ್ಟ ಹಾಗೆ. ನಿಲ್ದಾಣದಲ್ಲಿ ಅಕ್ಕನ ಮಗ ಕಾಯುತ್ತಿದ್ದ. "ಮಾವ, ಮೆಂತ್ಯದ ಹಿಟ್ಟು ತಂದ್ಯಾ?" ಅಂತ ಮೊದಲ ಪ್ರಶ್ನೆ.

ನನ್ನನ್ನು ಇಳಿಸಿದ್ದು ಅವನಿಗೆ ಗುರುತಿದ್ದ ಒಬ್ಬ ತಾತಾರ್ ಹೆಂಗಸಿನ ಮನೆಯಲ್ಲಿ. ಐದು ಮಹಡಿ, ಲಿಫ್ಟ್ ಇಲ್ಲ. ಅವರು ಊರಿನ ಬಸ್ಸಿನಲ್ಲಿ ಕಂಡಕ್ಟರ್. ಇವನು ಅವರನ್ನು ಅಪಾ ಅನ್ನುತ್ತಿದ್ದ. ದೊಡ್ಡ ಹೆಂಗಸರಿಗೆ ತಾತಾರ್ ಭಾಷೆಯಲ್ಲಿ ಹಾಗೆ ಅನ್ನುತ್ತಾರೆ, ನಾವು ಅಕ್ಕ ಅಂದ ಹಾಗೆ. ನಾನೂ ಅಪಾ ಅಂದೆ. ಅಪಾ ಚಹಾ ತಂದಿಟ್ಟರು. ಹಾಲು ಹಾಕಿದ ಚಹಾ! ತಾತಾರರು ಹಾಲು ಹಾಕಿಯೇ ಕುಡಿಯುವುದು. ಜೊತೆಗೆ ಎಚ್‌ಪೊಚ್‌ಮಾಕ್ ಅನ್ನುವ ಮೂರು ಮೂಲೆಯ ತಿಂಡಿ. ಹೆಸರಿನ ಅರ್ಥವೂ ಮೂರು ಮೂಲೆ ಅಂತಲೇ. ಸಮೋಸಾದ ದೂರದ ನೆಂಟ, ಒಳಗೆ ಮಾಂಸ ಮತ್ತು ಆಲೂಗಡ್ಡೆ.

ಸಂಜೆ ಐದಕ್ಕೆ ಪಂದ್ಯ. ಫ್ರಾನ್ಸ್ ಮತ್ತು ಅರ್ಜೆಂಟೀನಾ. ಮೂರು ದಿನ ಹಿಂದೆ ಇದೇ ಸ್ಟೇಡಿಯಂನಲ್ಲಿ ಕೊರಿಯಾ ಜರ್ಮನಿಯನ್ನು ಮನೆಗೆ ಕಳಿಸಿತ್ತು. ಇವತ್ತು ಮೆಸ್ಸಿ ಸರದಿ. ಮೊದಲು ಗ್ರೀಝ್ಮನ್ ಪೆನಾಲ್ಟಿ, ಆಮೇಲೆ ದೂರದಿಂದ ಡಿ ಮರಿಯಾ ಹೊಡೆದ ಹೊಡೆತ, ಮತ್ತೆ ಮೆರ್ಕಾಡೋ. ಅರ್ಜೆಂಟೀನಾ 2-1 ಮುಂದೆ. ನಾನು ಗಂಟಲು ಹರಿಯುವ ಹಾಗೆ ಕೂಗಿದೆ. ಅಲ್ಲಿಂದಾಚೆ ಪವಾರ್ ಒಂದು, ಆಮೇಲೆ ಎಂಬಾಪೆ ನಾಲ್ಕೇ ನಿಮಿಷದಲ್ಲಿ ಎರಡು. 19 ವರ್ಷದ ಹುಡುಗ. ಮೊದಲ ಪೆನಾಲ್ಟಿ ತಂದುಕೊಟ್ಟ ಅವನ ಓಟ ಇದೆಯಲ್ಲ, ಮೈದಾನದ ಆ ಅರ್ಧದಿಂದ ಈ ಅರ್ಧಕ್ಕೆ, ಟಿವಿಯಲ್ಲಿ ಅದು ಗೊತ್ತಾಗುವುದಿಲ್ಲ. ಮೇಲಿನ ಸ್ಟ್ಯಾಂಡಿನಿಂದ ನೋಡಿದರೆ ಬೇರೆಯವರೆಲ್ಲ ನೀರಿನೊಳಗೆ ಓಡುತ್ತಿದ್ದಾರೆ ಅನ್ನಿಸುತ್ತಿತ್ತು. 4-3. ಕಂಚಿನ ನಾಯಿ ಮೂಗು ಕೆಲಸ ಮಾಡಲಿಲ್ಲ.

ಜುಲೈ 1, ಭಾನುವಾರ, ಕಝಾನ್

ಬೆಳಿಗ್ಗೆ ಕಝಾನ್ ಕ್ರೆಮ್ಲಿನ್, ಅಂದರೆ ಊರ ಕೋಟೆ. ನೀಲಿ ಗುಮ್ಮಟದ ಕುಲ್ ಶರೀಫ್ ಮಸೀದಿ, ಕೂಗಳತೆಯಲ್ಲಿ ಚರ್ಚು. 1552ರಲ್ಲಿ ಇವಾನ್ ಭಯಂಕರ ಊರು ಗೆದ್ದಾಗ ಹಳೇ ಮಸೀದಿ ಹೋಯಿತು. ಈಗಿರುವುದು ತೆರೆದದ್ದು 2005ರಲ್ಲಿ. ನೋಡಲು ಚೆಂದ, ಫೋಟೋಗೆ ಇನ್ನೂ ಚೆಂದ. ನನ್ನ ಮನಸ್ಸಿನಲ್ಲಿ ಉಳಿದದ್ದು ಮಾತ್ರ ಮೆಟ್ರೋ. ಅಲ್ಲಿ ತಾತಾರ್, ರಷ್ಯನ್, ಇಂಗ್ಲಿಷ್, ಮೂರರಲ್ಲೂ ಹೇಳುತ್ತಾರೆ. ಬೆಂಗಳೂರಿನ ನಮ್ಮ ಮೆಟ್ರೋದ ಹಿಂದಿ ಬೋರ್ಡಿನ ಜಗಳ ಆಗಿ ಒಂದು ವರ್ಷವಾಗಿತ್ತಲ್ಲ, ಅದಕ್ಕೇ ಕಿವಿ ನಿಮಿರಿತು.

ಮಧ್ಯಾಹ್ನ ಅಪಾ ಮನೆಗೆ ಅವರ ತಂಗಿ ಬಂದರು. ಶಾಲೆಯಲ್ಲಿ ತಾತಾರ್ ಭಾಷೆಯ ಟೀಚರ್. ಈಗ ಅರ್ಧ ಟೀಚರ್ ಅಂದರು. ಕಝಾನ್ ರಾಜಧಾನಿಯಾಗಿರುವ ತಾತಾರ್‌ಸ್ತಾನದಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ತಾತಾರರು. ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ವಾರಕ್ಕೆ ಐದಾರು ಗಂಟೆ ತಾತಾರ್ ಕಡ್ಡಾಯ ಇತ್ತು. 2017ರ ಜುಲೈಯಲ್ಲಿ ಪುಟಿನ್, ತನ್ನದಲ್ಲದ ಭಾಷೆಯನ್ನು ಕಲಿಯಿರಿ ಅಂತ ಯಾರನ್ನೂ ಒತ್ತಾಯ ಮಾಡಬಾರದು ಅಂದರು. ಮಾಸ್ಕೋ ಜೊತೆಗಿದ್ದ ಅಧಿಕಾರ ಹಂಚಿಕೆಯ ಒಪ್ಪಂದವೂ ಅದೇ ಆಗಸ್ಟ್‌ಗೆ ಮುಗಿಯಿತು, ಮುಂದುವರಿಯಲಿಲ್ಲ. ನವೆಂಬರ್ ಕೊನೆಗೆ ಇಲ್ಲಿನ ವಿಧಾನಸಭೆಯೇ ಕೈ ಎತ್ತಿತು. ಈಗ ವಾರಕ್ಕೆ ಎರಡು ಗಂಟೆ, ಅದೂ ಅಪ್ಪ ಅಮ್ಮ ಬರೆದುಕೊಟ್ಟರೆ ಮಾತ್ರ. ಉಳಿದ ಹೊತ್ತಿಗೆ ರಷ್ಯನ್ ಕಲಿಸಲು ಈ ಟೀಚರ್ ಬೇರೆ ತರಬೇತಿಗೆ ಹೋಗುತ್ತಿದ್ದರು.

"ಅಜ್ಜಿ ಬರೆದದ್ದು ಅರಬ್ಬಿ ಲಿಪಿಯಲ್ಲಿ, ಅಮ್ಮ ಕಲಿತದ್ದು ಲ್ಯಾಟಿನ್, ನಾನು ಸಿರಿಲಿಕ್. ಅಜ್ಜಿಯ ಕಾಗದ ನನಗೆ ಓದೋಕೆ ಬರಲ್ಲ" ಅಂದರು. ತೊಂಬತ್ತೊಂಬತ್ತರಲ್ಲಿ ಮತ್ತೆ ಲ್ಯಾಟಿನ್‌ಗೆ ಹೋಗೋಣ ಅಂತ ತಾತಾರ್‌ಸ್ತಾನ ಹೊರಟಿತ್ತು. 2002ರಲ್ಲಿ ಮಾಸ್ಕೋ ಕಾನೂನು ತಂದು ಸಿರಿಲಿಕ್ ಒಂದೇ ಅಂತ ನಿಲ್ಲಿಸಿತು.

ನಿಮ್ಮ ಭಾಷೆ ಎಷ್ಟು ಜನ ಮಾತಾಡ್ತಾರೆ ಅಂತ ಕೇಳಿದರು. ನಾಲ್ಕು ಕೋಟಿಗಿಂತ ಜಾಸ್ತಿ ಅಂದೆ. ರಷ್ಯಾದ ತಾತಾರರೆಲ್ಲ ಸೇರಿದರೂ 2010ರ ಜನಗಣತಿಯಲ್ಲಿ ಐವತ್ಮೂರು ಲಕ್ಷ. "ಹಾಗಾದ್ರೆ ನಿಮಗೇನೂ ಚಿಂತೆ ಇಲ್ಲ" ಅಂದರು. ಅಕ್ಕನ ಮಗ ನನ್ನ ಮುಖ ನೋಡಿದ. ಅವನು ಓದಿದ್ದು ಇಂಗ್ಲಿಷ್ ಮೀಡಿಯಂ. ಇವತ್ತಿಗೂ ನನಗೆ ಮೆಸೇಜ್ ಹಾಕುವುದು ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ. ನಾನು ಚಹಾ ಕುಡಿದೆ.

ಅಪಾಗೆ ಮುಂದಿನ ವರ್ಷ 55 ತುಂಬುವುದಿತ್ತು. ಕಂಡಕ್ಟರ್ ಬ್ಯಾಗು ಮೊಳೆಗೆ ನೇತು ಹಾಕುವ ದಿನ ಲೆಕ್ಕ ಹಾಕಿಟ್ಟಿದ್ದರು. ಈಗ ಒಂದು ವರ್ಷ ಮುಂದಕ್ಕೆ. "ಒಂದು ವರ್ಷ ತಾನೇ" ಅಂದುಬಿಟ್ಟೆ, ಬುದ್ಧಿ ಇಲ್ಲದೆ. "ನಿಂತುಕೊಂಡು ಒಂದು ವರ್ಷ" ಅಂದರು ಅಪಾ. ಮರ್ಯಾದೆ ಉಳಿಸಿಕೊಳ್ಳಲು ನನ್ನ ಕಥೆ ಹೇಳಿದೆ. ಕರ್ನಾಟಕದಲ್ಲಿ 2006ರ ಏಪ್ರಿಲ್‌ನಿಂದ ಸರ್ಕಾರಿ ಕೆಲಸಕ್ಕೆ ಸೇರಿದವರಿಗೆ ಹಳೇ ಪೆನ್ಷನ್ ಇಲ್ಲ, ಎನ್‌ಪಿಎಸ್ ಅನ್ನುವ ಹೊಸ ಪೆನ್ಷನ್ ಯೋಜನೆ. ನಾನು ಅದರಲ್ಲಿ ಒಬ್ಬ. ನಾವೂ ಬೆಂಗಳೂರಿಗೆ ಹೋಗಿ ಧರಣಿ ಕೂತಿದ್ದೇವೆ. "ಕೂತರೆ ಏನೂ ಮಾಡಲ್ವಾ?" ಅಂತ ಇಬ್ಬರೂ ಒಟ್ಟಿಗೆ ಕೇಳಿದರು. ಫ್ರೀಡಂ ಪಾರ್ಕಿನಲ್ಲಿ ಕೂತರೆ ಏನೂ ಮಾಡಲ್ಲ ಅಂದೆ. ಈಚೆಗೆ ಬೆಂಗಳೂರಿನಲ್ಲಿ ಪ್ರತಿಭಟನೆಗೆ ಅದೊಂದೇ ಜಾಗ ಉಳಿದಿದೆ. ಆಗ ಇದ್ದ ಜಂಬ ಈಗ ಸ್ವಲ್ಪ ಇಳಿದಿದೆ ಅನ್ನಿ.

ಅವತ್ತೇ, ಜುಲೈ 1ರಂದು, ಪೆನ್ಷನ್ ವಿರುದ್ಧ ಎಷ್ಟೋ ಊರುಗಳಲ್ಲಿ ಮೆರವಣಿಗೆ ಇತ್ತು. ಓಮ್ಸ್ಕ್‌ನಲ್ಲಿ ಸಾವಿರಾರು ಜನ. ಕಝಾನ್‌ನಲ್ಲಿ ಇಲ್ಲ, ಮಾಸ್ಕೋದಲ್ಲಿ ಇಲ್ಲ. ಫುಟ್‌ಬಾಲ್ ಇರುವ ಊರಲ್ಲಿ ಫುಟ್‌ಬಾಲ್ ಮಾತ್ರ.

ಐದು ಗಂಟೆಗೆ ರಷ್ಯಾ ಮತ್ತು ಸ್ಪೇನ್. ಅಪಾ ಡ್ಯೂಟಿಗೆ ಹೊರಟರು. ನಾವಿಬ್ಬರೂ ನದಿ ದಂಡೆಯ ಫ್ಯಾನ್ ಝೋನ್‌ಗೆ ಹೋದೆವು. ದೊಡ್ಡ ಕೊಪ್ಪರಿಗೆ ಆಕಾರದ ಕಟ್ಟಡದ ಪಕ್ಕ. ಕಝಾನ್ ಅಂದರೆ ಕೊಪ್ಪರಿಗೆ ಅಂತ ಅವರ ಅರ್ಥ. ರಷ್ಯಾ ಈ ವಿಶ್ವಕಪ್‌ನಲ್ಲಿ ಎಲ್ಲರಿಗಿಂತ ಕೆಳಗಿನ ರ‍್ಯಾಂಕಿನ ತಂಡ, 70ನೇದು. ಕೋಚ್ ಚೆರ್ಚೆಸೋವ್ ಮೀಸೆ ನೋಡಿ ಗಂಡಸರು, ಹೆಂಗಸರು, ಕೂಸುಗಳು ಎಲ್ಲ ಮೀಸೆ ಬರೆದುಕೊಂಡಿದ್ದರು. 12ನೇ ನಿಮಿಷಕ್ಕೆ 38 ವರ್ಷದ ಇಗ್ನಾಶೇವಿಚ್ ಕಾಲಿಗೆ ತಾಗಿ ಚೆಂಡು ತಮ್ಮದೇ ಗೋಲಿಗೆ ಹೋಯಿತು. 41ಕ್ಕೆ ಝೂಬಾ ಪೆನಾಲ್ಟಿ ಹೊಡೆದು ಸರಿ ಮಾಡಿದರು. ಅಲ್ಲಿಂದ ಮುಂದೆ ಸ್ಪೇನ್ ಪಾಸ್ ಮಾಡಿತು, ಪಾಸ್ ಮಾಡಿತು, ಪಾಸ್ ಮಾಡುತ್ತಲೇ ಇತ್ತು. ಸಾವಿರಕ್ಕೂ ಜಾಸ್ತಿ ಪಾಸ್. ರಷ್ಯಾದವರು ಕೋಟೆ ಬಾಗಿಲು ಹಾಕಿಕೊಂಡು ಕೂತರು. ಇಂಥ ಬೇಸರದ ಪಂದ್ಯವನ್ನು ಇಷ್ಟು ಉಸಿರು ಬಿಗಿಹಿಡಿದು ನಾನು ಯಾವತ್ತೂ ನೋಡಿಲ್ಲ.

ಪೆನಾಲ್ಟಿಗಳು. ಕೊನೆಗೆ ಸ್ಪೇನ್‌ನ ಅಸ್ಪಾಸ್ ಹೊಡೆದರು. ರಷ್ಯಾದ ಗೋಲ್‌ಕೀಪರ್ ಅಕಿನ್‌ಫೇವ್ ಬಲಕ್ಕೆ ಬಿದ್ದಾಗಿತ್ತು. ಚೆಂಡು ನಡುವೆ ಬರುತ್ತಿತ್ತು. ಬೀಳುತ್ತಾ ಇದ್ದವರು ಎಡಗಾಲು ಮಾತ್ರ ಮೇಲೆ ಬಿಟ್ಟರು. ಚೆಂಡು ಕಾಲಿಗೆ ಬಡಿದು ಆಕಾಶಕ್ಕೆ ಹೋಯಿತು.

ಆಮೇಲೆ ಏನಾಯಿತು ಅಂತ ಹೇಳುವುದು ಕಷ್ಟ. ಯಾರೋ ನನ್ನನ್ನು ಎತ್ತಿದರು. ಯಾರೋ ಅಜ್ಜಿ ಮುತ್ತು ಕೊಟ್ಟರು. ಬೀದಿ ಬೀದಿಯಲ್ಲಿ ಕಾರುಗಳ ಮೇಲೆ ಹುಡುಗರು. ಪೊಲೀಸರು ಹಾಡುತ್ತಿದ್ದರು. ಅನುಮತಿ ಕೇಳದೆ, ಅರ್ಜಿ ಕೊಡದೆ, ಒಂದಿಡೀ ಊರು ಬೀದಿಯಲ್ಲಿತ್ತು.

ಅಪಾ ಬಂದದ್ದು ರಾತ್ರಿ ಒಂದಕ್ಕೆ. ಬಸ್ಸು ಎರಡು ಗಂಟೆ ಜನರ ನಡುವೆ ಸಿಕ್ಕಿಕೊಂಡಿತ್ತು. ಒಬ್ಬರೂ ಟಿಕೆಟ್ ತಗೊಂಡಿರಲಿಲ್ಲ. ಗೋಲ್‌ಕೀಪರ್ ತಡೆದದ್ದು ಅವರು ನೋಡಿರಲಿಲ್ಲ, ಪ್ರಯಾಣಿಕರ ಕಿರುಚಾಟ ಕೇಳಿದ್ದಷ್ಟೇ. ಅಕ್ಕನ ಮಗ ಫೋನಿನಲ್ಲಿ ತೋರಿಸಿದ. ಕೋಟು ಬಿಚ್ಚದೆ, ನಿಂತೇ ಮೂರು ಸಲ ನೋಡಿದರು. ಆಮೇಲೆ ಏನೋ ಹೇಳಿ ಅಡುಗೆ ಮನೆಗೆ ಹೋದರು. ಇವನು ನಗುತ್ತಾ ನನಗೆ ಹೇಳಿದ: "ಒಳ್ಳೇ ಕಾಲು. ಆದ್ರೆ 65ರ ತನಕ ಓಡಬೇಕಲ್ಲಪ್ಪ, ಅಂತಿದಾರೆ ಮಾವ."

ಜುಲೈ 2ರಿಂದ 6

ಎರಡನೇ ತಾರೀಕು ರಾತ್ರಿ ರೈಲು, ಮತ್ತೆ ಮಾಸ್ಕೋ. ಊರು ಸುತ್ತಿದ್ದೇ ಸುತ್ತಿದ್ದು. ಎಲ್ಲದಕ್ಕೂ ಸಬ್ಬಸಿಗೆ ಸೊಪ್ಪು ಹಾಕುತ್ತಾರೆ. ಬೇಯಿಸಿದ ಹುರುಳಿಯಂಥ ಗ್ರೇಚ್ಕಾ ಮೂರನೇ ದಿನಕ್ಕೆ ಸೇರಿತು. ಗುಮ್ ಅಂಗಡಿ ಮಹಡಿಯ ಕ್ಯಾಂಟೀನಿನಲ್ಲಿ ಅಕ್ರೋಶ್ಕಾ ಅನ್ನುವ ತಣ್ಣನೆ ಸೂಪು ಕುಡಿದೆ. ಹುಳಿ ಮಜ್ಜಿಗೆಗೆ ಸೌತೆಕಾಯಿ ಹೆಚ್ಚಿಹಾಕಿದ ಹಾಗೆ. ಒಗ್ಗರಣೆ ಒಂದು ಇದ್ದಿದ್ದರೆ ತಂಬುಳಿ ಅಂತಲೇ ಕರೆಯಬಹುದಿತ್ತು. ಆರನೇ ತಾರೀಕು ಕಝಾನ್‌ನಲ್ಲಿ ಬ್ರೆಜಿಲ್ ಕೂಡ ಬಿತ್ತು. ಜರ್ಮನಿ, ಅರ್ಜೆಂಟೀನಾ, ಬ್ರೆಜಿಲ್, ಮೂರಕ್ಕೂ ಅಲ್ಲೇ ಮಣ್ಣು. ನೆಮ್ತ್ಸೋವ್ ಸೇತುವೆ ಮೇಲೆ ಇನ್ನೊಂದು ಸಲ ಹೋದೆ. ಕುರ್ಚಿಯಲ್ಲಿ ಬೇರೆಯವರು ಕೂತಿದ್ದರು.

ಜುಲೈ 7, ಶನಿವಾರ, ಮಾಸ್ಕೋ

ರಾತ್ರಿ ಒಂಬತ್ತಕ್ಕೆ ಸೋಚಿಯಲ್ಲಿ ರಷ್ಯಾ ಮತ್ತು ಕ್ರೊವೇಷಿಯಾ. ನಾನು ನೋಡಿದ್ದು ವಿಶ್ವವಿದ್ಯಾಲಯದ ಎದುರಿನ ಗುಬ್ಬಿಗುಡ್ಡದ ಫ್ಯಾನ್ ಝೋನ್‌ನಲ್ಲಿ. ಪರೀಕ್ಷೆ ಹೊತ್ತಲ್ಲಿ ಹಾಸ್ಟೆಲ್ ಕಿಟಕಿ ಕೆಳಗೆ ಈ ಗಲಾಟೆ ಬೇಡ ಅಂತ ಇಲ್ಲಿನ ವಿದ್ಯಾರ್ಥಿಗಳು ಎಷ್ಟೋ ಹೇಳಿದ್ದರು, ನಡೆಯಲಿಲ್ಲ.

ಚೆರಿಶೇವ್ ಗೋಲು, ಕ್ರಮಾರಿಚ್ ಗೋಲು. ಹೆಚ್ಚುವರಿ ಹೊತ್ತಿನಲ್ಲಿ ವಿದಾ ಗೋಲು. ಮುಗೀತು ಅಂತ ಜನ ಏಳುತ್ತಿದ್ದಾಗ 115ನೇ ನಿಮಿಷಕ್ಕೆ ಮಾರಿಯೋ ಫರ್ನಾಂಡಿಸ್ ತಲೆಯಿಂದ ಹೊಡೆದು 2-2. ಬ್ರೆಜಿಲ್‌ನಲ್ಲಿ ಹುಟ್ಟಿ ರಷ್ಯಾಕ್ಕೆ ಆಡುವ ಆಟಗಾರ. ಪೆನಾಲ್ಟಿಯಲ್ಲಿ ಅವರೇ ಹೊರಗೆ ಹೊಡೆದರು. ಸೋಲು.

ಗಲಾಟೆ ಆಗಬಹುದು ಅಂತ ನನ್ನ ಹೆದರಿಕೆ. ಆಗಲಿಲ್ಲ. ಒಂದು ನಿಮಿಷ ಮೌನ, ಆಮೇಲೆ ಚಪ್ಪಾಳೆ. "ಮಲದ್ಸೀ" ಅಂತ ಕೂಗು, ಅಂದರೆ ಭೇಷ್ ಮಕ್ಕಳಾ. ಗುಡ್ಡ ಇಳಿದು, ನದಿ ಮೇಲೆಯೇ ಇರುವ ಮೆಟ್ರೋ ನಿಲ್ದಾಣದ ತನಕ ಜನ ಹಾಡುತ್ತಲೇ ನಡೆದರು. ಅಷ್ಟರಲ್ಲೇ ಫೋನುಗಳಲ್ಲಿ ಇನ್ನೊಂದು ಬಿಸಿ ಹತ್ತಿಕೊಂಡಿತ್ತು. ಕ್ರೊವೇಷಿಯಾದ ವಿದಾ ಗೆದ್ದ ಖುಷಿಯಲ್ಲಿ "ಉಕ್ರೇನ್‌ಗೆ ಜಯವಾಗಲಿ" ಅಂದ ವಿಡಿಯೋ ಅದು. ಒಂದು ಕಾಲಕ್ಕೆ ಅವರು ಕೀವ್‌ನಲ್ಲಿ ಆಡಿದವರು. ಮುಂದಿನ ಪಂದ್ಯದಲ್ಲಿ ಚೆಂಡು ಅವರ ಕಾಲಿಗೆ ಬಂದಾಗಲೆಲ್ಲ ಲುಝ್ನಿಕಿ ಊಳಿಟ್ಟಿತು. 2014ರಿಂದ ರಷ್ಯಾ ಮತ್ತು ಉಕ್ರೇನ್ ನಡುವೆ ಉರಿಯುತ್ತಿದ್ದದ್ದು ಆ ಒಂದು ತಿಂಗಳು ಬೂದಿ ಕೆಳಗಿತ್ತು, ಅಷ್ಟೇ. 2022ರ ಫೆಬ್ರವರಿಯಲ್ಲಿ ಯುದ್ಧ ಶುರುವಾದ ನಾಲ್ಕೇ ದಿನಕ್ಕೆ ಫಿಫಾ, ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಇಎಫ್‌ಎ, ಎರಡೂ ರಷ್ಯಾ ತಂಡವನ್ನು ಹೊರಗಿಟ್ಟವು.

ನನ್ನ ಕುತ್ತಿಗೆಯಲ್ಲಿದ್ದ ಕಾರ್ಡಿನ ಕಥೆಯೂ ಅಲ್ಲಿಗೆ ಮುಗಿಯಲಿಲ್ಲ. ಅದೇ ಫ್ಯಾನ್ ಐಡಿಯನ್ನು 2022ರಲ್ಲಿ ರಷ್ಯಾದ ಸ್ವಂತ ಲೀಗ್ ಪಂದ್ಯಗಳಿಗೂ ತಂದರು. ನಮ್ಮ ಲೆಕ್ಕ ಇಟ್ಟುಕೊಳ್ಳಲು ಇದು ಅಂತ ಎಷ್ಟೋ ಅಭಿಮಾನಿಗಳು ಸ್ಟೇಡಿಯಂಗೆ ಹೋಗುವುದನ್ನೇ ಬಿಟ್ಟರು. ನನಗೆ ಬಾಗಿಲು ತೆರೆದ ಕಾರ್ಡು ಅವರಿಗೆ ಬೀಗ ಆಯಿತು.

ಜುಲೈ 8, ಭಾನುವಾರ, ವಿಮಾನ ನಿಲ್ದಾಣ

ಕೌಂಟರಿನಲ್ಲಿ ಬೇರೆ ಹುಡುಗಿ. ನಗಲಿಲ್ಲ. ಹಿಂದಿನ ರಾತ್ರಿಯ ಸೋಲು ಇರಬೇಕು, ಅಥವಾ ರೂಢಿಗೆ ಮರಳಿದ್ದಿರಬೇಕು.

ಗೇಟಿನಲ್ಲಿ ಕೂತಾಗ ಅಕ್ಕನ ಮಗನ ಮೆಸೇಜ್ ಬಂತು, ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ. ಇಗ್ನಾಶೇವಿಚ್ ಆಟದಿಂದ ನಿವೃತ್ತಿ ಅಂತ ಸುದ್ದಿ. ಅದನ್ನು ಅಪಾಗೆ ಹೇಳಿದನಂತೆ. ಅಪಾ ಬೆಳಗಿನ ಪಾಳಿಗೆ ಹೊರಟು ಬೂಟು ಹಾಕಿಕೊಳ್ಳುತ್ತಿದ್ದರಂತೆ.

"38ಕ್ಕೇ ಬಿಟ್ಟುಬಿಟ್ರಾ? ಯಾವ ಡಿಪೋ ಅಂತ ಕೇಳು, ನಾನೂ ಅಲ್ಲಿಗೇ ಅರ್ಜಿ ಹಾಕ್ತೀನಿ" ಅಂದರಂತೆ.